ಮನೆ ಮುಂದಿನ ಪಾರ್ಕಿಂಗಿಗೆ ಕೋರ್ಟಿನ ಕಾಗದ

ಇಂಗ್ಲೆಂಡಿನ ಫ್ಲ್ಯಾಟುಗಳಲ್ಲಿರುವ ಓದುಗರು ಈ ಸಲ ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ತಮ್ಮದೇ ಕಟ್ಟಡದ ಅಂಗಳದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಖಾಸಗಿ ಪಾರ್ಕಿಂಗ್ ಕಂಪನಿ ದಾವೆ ಹೂಡಿದೆ, ಮುಂದೇನು? ಇಲ್ಲಿನ ಉತ್ತರಗಳು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ ಅನ್ವಯ. ಸ್ಕಾಟ್ಲೆಂಡಿನ ಕಾನೂನು ಬೇರೆ.

ಪ್ರಶ್ನೆ: ನಮ್ಮದು ಸ್ವಂತ ಫ್ಲ್ಯಾಟ್, 125 ವರ್ಷದ ಲೀಸ್. 14ನೇ ನಂಬರಿನ ಪಾರ್ಕಿಂಗ್ ಜಾಗ ನಮಗೇ ಸೇರಿದ್ದು. ನಾವು ಬಂದು ಎಷ್ಟೋ ವರ್ಷದ ಮೇಲೆ ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟ್ ಒಂದು ಪಾರ್ಕಿಂಗ್ ಕಂಪನಿಯನ್ನು ತಂದು ಕೂರಿಸಿದರು. ಒಂದು ದಿನ ಪರ್ಮಿಟ್ ಚೀಟಿ ಡ್ಯಾಶ್‌ಬೋರ್ಡಿನಿಂದ ಜಾರಿ ಸೀಟಿನ ಕೆಳಗೆ ಬಿದ್ದಿತ್ತು, 100 ಪೌಂಡಿನ ಟಿಕೆಟ್ ಬಂತು. ಕಾಗದಗಳನ್ನು ಬದಿಗಿಟ್ಟೆವು. ಈಗ ನಾರ್ಥಾಂಪ್ಟನ್‌ನ ಕೋರ್ಟು ಕೇಂದ್ರದಿಂದ ಕ್ಲೇಮ್ ಫಾರಂ ಬಂದಿದೆ, 268 ಪೌಂಡ್ 60 ಪೆನ್ಸ್ ಕೇಳಿದ್ದಾರೆ. ವೀಸಾಕ್ಕೆ ತೊಂದರೆಯಾದೀತು, ಕಟ್ಟಿಬಿಡೋಣ ಅನ್ನುತ್ತಾರೆ ನಮ್ಮ ಯಜಮಾನರು. (ರೆಡಿಂಗ್)

ಕಟ್ಟಬೇಡಿ, ಸುಮ್ಮನೆ ಕೂರಲೂ ಬೇಡಿ. ಈವರೆಗಿನ ಕಾಗದಗಳನ್ನು ಬದಿಗಿಟ್ಟದ್ದರಿಂದ ಅಂಥ ನಷ್ಟವೇನೂ ಆಗಿಲ್ಲ, ಆದರೆ ಈ ಕಾಗದ ಹಾಗಲ್ಲ.

ಮೊದಲು ಭಯದ ಮಾತು ಮುಗಿಸೋಣ. ಕೌನ್ಸಿಲ್ ಹಾಕುವುದು ಪೆನಾಲ್ಟಿ ಚಾರ್ಜ್ ನೋಟಿಸ್, ಖಾಸಗಿಯವರು ಹಾಕುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡಕ್ಕೂ ಪಿಸಿಎನ್ ಎಂದೇ ಹೆಸರಾದ್ದರಿಂದ ಜನ ಇದನ್ನೂ ಸರ್ಕಾರದ ದಂಡ ಎಂದುಕೊಳ್ಳುತ್ತಾರೆ. ಇದು ದಂಡವಲ್ಲ. ಕಂಪನಿಯ ವಾದ ಇಷ್ಟೇ: ನಮ್ಮ ಬೋರ್ಡೇ ಒಂದು ಕರಾರು, ಕಾರು ನಿಲ್ಲಿಸಿದಾಗ ನೀವು ಅದಕ್ಕೆ ಒಪ್ಪಿದಿರಿ, ಮುರಿದದ್ದಕ್ಕೆ 100 ಪೌಂಡ್ ಕೊಡಿ. ಅಪ್ಪಟ ಸಿವಿಲ್ ವ್ಯಾಜ್ಯ. ಸೋತರೂ ಅಪರಾಧಿ ಆಗುವುದಿಲ್ಲ. ತೀರ್ಪಾದ ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಇಂಥ ತೀರ್ಪುಗಳ ಸಾರ್ವಜನಿಕ ರಿಜಿಸ್ಟರಿನಿಂದ ನಿಮ್ಮ ಹೆಸರು ತೆಗೆಸಬಹುದು. ಕಟ್ಟದೆ ಬಿಟ್ಟರೆ ಮಾತ್ರ ಆ ಸಿಸಿಜೆ (ಕೌಂಟಿ ಕೋರ್ಟ್ ಜಡ್ಜ್‌ಮೆಂಟ್) ಆರು ವರ್ಷ ಅಲ್ಲೇ ಇರುತ್ತದೆ. ಮನೆ ಸಾಲ, ಬಾಡಿಗೆ ಮನೆಯ ವಿಚಾರಣೆ, ಎಲ್ಲಕ್ಕೂ ಅಡ್ಡ ಬರುತ್ತದೆ. ಬ್ರಿಟಿಷ್ ಪೌರತ್ವದ ಅರ್ಜಿಯಲ್ಲಿ ಸಿವಿಲ್ ತೀರ್ಪುಗಳ ಬಗ್ಗೆ ಪ್ರಶ್ನೆ ಇದೆ, ಅಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಬೇಕು. ಹಾಗಾಗಿ ಹೆದರಬೇಕಾದದ್ದು ದಾವೆಗಲ್ಲ, ಉತ್ತರ ಕೊಡದೆ ಆಗಿಬಿಡುವ ಏಕಪಕ್ಷೀಯ ತೀರ್ಪಿಗೆ.

ಈಗ ದಿನಗಳ ಲೆಕ್ಕ. ಫಾರಂನ ಮೇಲ್ಭಾಗದಲ್ಲಿ ಬಲಗಡೆ ಇಶ್ಯೂ ಡೇಟ್ ಇರುತ್ತದೆ. ಅದರಿಂದ ಐದು ದಿನಕ್ಕೆ ಫಾರಂ ನಿಮಗೆ ತಲುಪಿತು ಎಂದು ಕೋರ್ಟು ಭಾವಿಸುತ್ತದೆ. ಅಲ್ಲಿಂದ 14 ದಿನದೊಳಗೆ 'ದಾವೆ ತಲುಪಿದೆ' ಎಂಬ ಸ್ವೀಕೃತಿ ಕೊಡಬೇಕು. ಕೊಟ್ಟರೆ ಡಿಫೆನ್ಸ್‌ಗೆ, ಅಂದರೆ ನಮ್ಮ ಊರಿನ ಕೋರ್ಟುಗಳ ಮಾತಲ್ಲಿ ತಕರಾರಿಗೆ, ತಲುಪಿದ ದಿನದಿಂದ 28 ದಿನ ಸಿಗುತ್ತದೆ. ಒಟ್ಟು ಇಶ್ಯೂ ಡೇಟಿನಿಂದ 33 ದಿನ. ಉದಾಹರಣೆಗೆ ಇಶ್ಯೂ ಡೇಟ್ 2025ರ ಮಾರ್ಚ್ 3 ಆಗಿದ್ದರೆ ತಲುಪಿದ ದಿನ ಮಾರ್ಚ್ 8. ಸ್ವೀಕೃತಿಯ ಗಡುವು ಮಾರ್ಚ್ 22, ಅದು ಶನಿವಾರವಾದ್ದರಿಂದ ಸೋಮವಾರ 24ಕ್ಕೆ ಹೋಗುತ್ತದೆ. ಡಿಫೆನ್ಸ್‌ನ ಗಡುವು ಏಪ್ರಿಲ್ 5, ಅದೂ ಶನಿವಾರ, ಹಾಗಾಗಿ ಏಪ್ರಿಲ್ 7ರ ಸೋಮವಾರ ಸಂಜೆ ನಾಲ್ಕು ಗಂಟೆ. ನಾಲ್ಕು ಗಂಟೆ ದಾಟಿ ಕಳಿಸಿದ ಇಮೇಲು ಮರುದಿನದ ಲೆಕ್ಕಕ್ಕೆ ಬೀಳುತ್ತದೆ. ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಸ್ವೀಕೃತಿಯನ್ನು ಮನಿ ಕ್ಲೇಮ್ ಆನ್‌ಲೈನ್ ತಾಣದಲ್ಲಿ ಹತ್ತು ನಿಮಿಷದಲ್ಲಿ ಕೊಡಬಹುದು. ಗವರ್ನ್‌ಮೆಂಟ್ ಗೇಟ್‌ವೇ ಐಡಿ ಬೇಕು. ಕ್ಲೇಮ್ ನಂಬರು, ಪಾಸ್‌ವರ್ಡು ಎರಡೂ ಫಾರಂ ಮೇಲೇ ಇವೆ. 'ಇಡೀ ದಾವೆಯನ್ನು ವಿರೋಧಿಸುತ್ತೇನೆ' ಎಂಬುದಕ್ಕೆ ಗುರುತು ಹಾಕಿ. ಅದರ ಹತ್ತಿರದಲ್ಲೇ 'ಕೋರ್ಟಿನ ಅಧಿಕಾರವ್ಯಾಪ್ತಿಯನ್ನು ಪ್ರಶ್ನಿಸುತ್ತೇನೆ' ಎಂಬ ಇನ್ನೊಂದು ಚೌಕ ಇದೆ. ವಿರೋಧ ಅಂದರೆ ಇದೂ ಸೇರಿತೇನೋ ಅಂದುಕೊಂಡು ಎಷ್ಟೋ ಜನ ಅದನ್ನೂ ಒತ್ತುತ್ತಾರೆ. ಒತ್ತಬೇಡಿ, ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ಗಡುವು. ಡಿಫೆನ್ಸ್ ಬರೆಯುವ ಖಾಲಿ ಜಾಗದಲ್ಲೂ ಈಗ ಒಂದಕ್ಷರ ಹಾಕಬೇಡಿ. ಅಲ್ಲಿ ಸಾಲುಗಳಿಗೆ ಮಿತಿ ಇದೆ, ಪ್ಯಾರಾಗಳೆಲ್ಲ ಕಲಸಿಹೋಗುತ್ತವೆ. ಡಿಫೆನ್ಸನ್ನು ಬೇರೆಯಾಗಿ ಟೈಪ್ ಮಾಡಿ, ಸಹಿ ತಾರೀಖು ಹಾಕಿ, ಪಿಡಿಎಫ್ ಮಾಡಿ, ಫಾರಂನಲ್ಲಿರುವ ಸಿವಿಲ್ ನ್ಯಾಷನಲ್ ಬಿಸಿನೆಸ್ ಸೆಂಟರಿಗೆ ಇಮೇಲಿನಲ್ಲಿ ಕಳಿಸಿ. ವಿಷಯದ ಸಾಲಿನಲ್ಲಿ ಕ್ಲೇಮ್ ನಂಬರು ಇರಲಿ. ತಕ್ಷಣ ಬರುವ ಸ್ವಯಂಚಾಲಿತ ಉತ್ತರವನ್ನು ಜೋಪಾನವಾಗಿಡಿ, ಅದೇ ನಿಮ್ಮ ರಸೀದಿ. ಕಂಪನಿಯ ವಕೀಲರಿಗೆ ಮಾತ್ರ ಕಳಿಸಿ ಕೋರ್ಟಿಗೆ ಕಳಿಸದೆ ಸೋತವರಿದ್ದಾರೆ.

ಇನ್ನು ತಿರುಳಿನ ಮಾತು. ನಿಮ್ಮ ಬಲ ಇರುವುದು ಲೀಸಿನಲ್ಲಿ. ಮನೆ ಕೊಂಡಾಗ ಸಾಲಿಸಿಟರ್ ಕೊಟ್ಟ ಕಡತದಲ್ಲಿ ಅದು ಇರುತ್ತದೆ. ಕಳೆದಿದ್ದರೆ ಪ್ರತಿಯನ್ನು ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ತರಿಸಿಕೊಳ್ಳಿ. ಓದಬೇಕಾದ ಜಾಗಗಳು ಮೂರು. ಒಂದು, ಲೀಸಿನ ಆರಂಭದ ವಿವರ ಮತ್ತು ನಕ್ಷೆ. ಪಾರ್ಕಿಂಗ್ ಜಾಗಕ್ಕೆ ಬಣ್ಣದ ಗೆರೆ ಎಳೆದು, ಫ್ಲ್ಯಾಟಿನ ಜೊತೆ ಅದನ್ನೂ ನಿಮಗೇ ಕೊಟ್ಟಿದ್ದರೆ ಅದು ನಿಮ್ಮ ಸ್ವಾಧೀನದ ನೆಲ. ಅಲ್ಲಿ ನಿಮಗೆ 'ನಿಲ್ಲಿಸಲು ಅನುಮತಿ' ಮಾರಲು ಕಂಪನಿಯ ಹತ್ತಿರ ಏನೂ ಉಳಿದಿಲ್ಲ. ಎರಡು, 'ಕೊಟ್ಟ ಹಕ್ಕುಗಳು' ಎಂಬ ಷೆಡ್ಯೂಲು. ನೆಲ ಕೊಡದೆ, ಅಲ್ಲಿ ಒಂದು ಖಾಸಗಿ ವಾಹನ ನಿಲ್ಲಿಸುವ ಹಕ್ಕು ಮಾತ್ರ ಕೊಟ್ಟಿರಬಹುದು, ಅದೂ ಗಟ್ಟಿಯೇ. 'ಜಾಗ ಖಾಲಿ ಇದ್ದಾಗ ಸಾಮಾನ್ಯ ಕಾರ್ ಪಾರ್ಕ್ ಬಳಸಬಹುದು' ಎಂದಿದ್ದರೆ ಸ್ವಲ್ಪ ಸಡಿಲ. ಮೂರನೆಯದು, ಎದುರಾಳಿ ಮೊದಲು ಹುಡುಕುವ ಜಾಗ: 'ಎಸ್ಟೇಟಿನ (ವಸತಿ ಸಮುಚ್ಚಯದ) ಒಳ್ಳೆಯ ನಿರ್ವಹಣೆಗಾಗಿ ಲ್ಯಾಂಡ್‌ಲಾರ್ಡ್ ಮಾಡುವ ಸಮಂಜಸ ನಿಯಮಗಳನ್ನು ಪಾಲಿಸತಕ್ಕದ್ದು' ಎಂಬ ಷರತ್ತು. ಪರ್ಮಿಟ್ ಪದ್ಧತಿ ಈ ನಿಯಮದಡಿ ಬಂತು ಎಂದು ಅವರು ಹೇಳುತ್ತಾರೆ. ಉತ್ತರ ಹೀಗಿರಲಿ: ನಿಯಮ ಮಾಡುವ ಅಧಿಕಾರ ಲ್ಯಾಂಡ್‌ಲಾರ್ಡಿಗೆ ಇರಬಹುದು. ಆದರೆ ಹೊರಗಿನ ಕಂಪನಿಯೊಂದು ನನ್ನ ಜೊತೆ ಹೊಸ ಕರಾರು ಮಾಡಿಕೊಂಡು ಪ್ರತಿ ಸಲ 100 ಪೌಂಡ್ ಕೇಳಬಹುದು ಎಂದು ಲೀಸಿನ ಯಾವ ಸಾಲೂ ಹೇಳುವುದಿಲ್ಲ, ಆ ನಿಯಮವನ್ನು ಲೀಸು ಹೇಳಿದ ರೀತಿಯಲ್ಲಿ ಮಾಡಿದ್ದಕ್ಕೆ ದಾಖಲೆ ತೋರಿಸಲಿ. ಷರತ್ತು ಇದ್ದರೆ ಅದನ್ನು ಮುಚ್ಚಿಡಬೇಡಿ. ನೀವೇ ಎತ್ತಿ ಉತ್ತರ ಕೊಟ್ಟರೆ ಜಡ್ಜ್ ನಿಮ್ಮ ಮಾತಿಗೆ ಹೆಚ್ಚು ತೂಕ ಕೊಡುತ್ತಾರೆ.

ಲೀಸನ್ನು ಬೋರ್ಡು ನೇತುಹಾಕಿ ಬದಲಿಸಲಾಗದು. ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್ 1987ರ 37ನೇ ಸೆಕ್ಷನ್ ಪ್ರಕಾರ ಎಲ್ಲರ ಲೀಸನ್ನೂ ಒಟ್ಟಿಗೆ ತಿದ್ದಬೇಕಾದರೆ ಟ್ರಿಬ್ಯೂನಲ್‌ಗೆ ಹೋಗಬೇಕು. ಎಂಟಕ್ಕಿಂತ ಹೆಚ್ಚು ಲೀಸುಗಳಿದ್ದರೆ ಕನಿಷ್ಠ ಶೇ 75 ಮಂದಿ ಒಪ್ಪಿರಬೇಕು, ಶೇ 10ಕ್ಕಿಂತ ಹೆಚ್ಚು ಮಂದಿ ವಿರೋಧಿಸಿರಬಾರದು. ನಿಮ್ಮ ಕಟ್ಟಡದಲ್ಲಿ ಅಂಥದ್ದೇನೂ ನಡೆದಿಲ್ಲವಾದರೆ ಅದನ್ನು ಡಿಫೆನ್ಸಿನಲ್ಲಿ ಒಂದು ಸಾಲಾಗಿ ಬರೆಯಿರಿ.

ಕಂಪನಿಗಳು ಎಲ್ಲ ಕೇಸಿನಲ್ಲೂ ತರುವ ತೀರ್ಪು 2015ರ ಪಾರ್ಕಿಂಗ್‌ಐ ವಿರುದ್ಧ ಬೀವಿಸ್, ಸುಪ್ರೀಂ ಕೋರ್ಟಿನದ್ದು. ಅಲ್ಲಿ 85 ಪೌಂಡ್ ಚಾರ್ಜನ್ನು ಕೋರ್ಟು ಎತ್ತಿಹಿಡಿಯಿತು. ಆದರೆ ಆ ಜಾಗ ಚೆಲ್ಮ್ಸ್‌ಫರ್ಡ್‌ನ ಅಂಗಡಿಗಳ ಕಾರ್ ಪಾರ್ಕ್, ಎರಡು ಗಂಟೆ ಬಿಟ್ಟಿ. ಬಂದವರು ಬಂದಂತೆ ಜಾಗ ಬಿಟ್ಟರೆ ಅಂಗಡಿಗೆ ಇನ್ನಷ್ಟು ಗಿರಾಕಿ ಬರುತ್ತಾರೆ ಎಂಬ ನ್ಯಾಯವಾದ ಹಿತಾಸಕ್ತಿ ಅಲ್ಲಿತ್ತು. ನಿಮ್ಮ 14ನೇ ಜಾಗವನ್ನು ನೀವು ಎಷ್ಟು ಹೊತ್ತು ಬಳಸಿದರೂ ಇನ್ನೊಬ್ಬರಿಗೆ ಅದು ಸಿಗುವುದಿಲ್ಲ. ಅಲ್ಲಿ ಕಾಯಬೇಕಾದ ಹಿತ ಏನಾದರೂ ಇದ್ದರೆ ಅದು ನಿಮ್ಮದೇ. ನಿಮ್ಮ ಕಡೆಗೆ 2016ರಲ್ಲಿ ಕ್ರಾಯ್ಡನ್ ಕೌಂಟಿ ಕೋರ್ಟಿನ ಪೇಸ್ ವಿರುದ್ಧ ಮಿಸ್ಟರ್ ಎನ್ ತೀರ್ಪಿದೆ. ಬಾಡಿಗೆ ಕರಾರಿನಲ್ಲಿ ಬಂದ ನಿಲುಗಡೆ ಹಕ್ಕಿನ ಮೇಲೆ ಪರ್ಮಿಟ್ ತೋರಿಸಬೇಕೆಂಬ ಷರತ್ತನ್ನು ಪಾರ್ಕಿಂಗ್ ಕಂಪನಿ ಏಕಪಕ್ಷೀಯವಾಗಿ ಹೇರಲಾಗದು ಎಂಬುದು ಅದರ ಸಾರ. ಕೌಂಟಿ ಕೋರ್ಟಿನ ತೀರ್ಪು ಇನ್ನೊಬ್ಬ ಜಡ್ಜನ್ನು ಕಟ್ಟಿಹಾಕುವುದಿಲ್ಲ, ಒಪ್ಪಿಸಬಲ್ಲದು ಅಷ್ಟೆ. ಕಟ್ಟುವಂಥದ್ದು ಬೇಕಾದರೆ 2001ರ ಸಯೀದ್ ವಿರುದ್ಧ ಪ್ಲಸ್‌ಟ್ರೇಡ್, ಕೋರ್ಟ್ ಆಫ್ ಅಪೀಲ್‌ನದ್ದು: ಲೀಸಿನಲ್ಲಿ ಕೊಟ್ಟ ಪಾರ್ಕಿಂಗ್ ಹಕ್ಕನ್ನು ಲ್ಯಾಂಡ್‌ಲಾರ್ಡ್ ಆಮೇಲೆ ಕುಗ್ಗಿಸುವಂತಿಲ್ಲ.

ಡಿಫೆನ್ಸ್ ಇಂಗ್ಲಿಷಿನಲ್ಲೇ ಇರಬೇಕು, ಪ್ಯಾರಾಗಳಿಗೆ ನಂಬರು ಹಾಕಬೇಕು. ನಿಮ್ಮ ಕೇಸಿಗೆ ಅದರ ಸಾರ ಹೀಗಿದ್ದರೆ ಸಾಕು:

'1. ಪ್ರತಿವಾದಿಯು ಈ ವಾಹನದ ನೋಂದಾಯಿತ ಕೀಪರ್ (ಕಾರು ಯಾರ ಹೆಸರಿನಲ್ಲಿದೆಯೋ ಅವರು), ಫ್ಲ್ಯಾಟ್ ನಂಬರ್ ಇಂಥದ್ದರ ಲೀಸುದಾರ, ಅಂದು ವಾಹನ ನಿಲ್ಲಿಸಿದವರು. 2. ವಾಹನ ಇದ್ದದ್ದು 14ನೇ ಜಾಗದಲ್ಲಿ. ಇಂಥ ತಾರೀಖಿನ ಲೀಸಿನ ಇಂಥ ಷೆಡ್ಯೂಲಿನ ಇಂಥ ಪ್ಯಾರಾ ಪ್ರಕಾರ ಅದರ ಮೇಲೆ ಪ್ರತಿವಾದಿಗೆ ಹಕ್ಕಿದೆ. ಆ ಹಕ್ಕಿಗೆ ಪರ್ಮಿಟ್ ತೋರಿಸುವ ಷರತ್ತಿಲ್ಲ. 3. ಲೀಸು ವಾದಿಯ ಬೋರ್ಡುಗಳಿಗಿಂತ ಮೊದಲಿನದು, ತಿದ್ದುಪಡಿಯಾಗಿಲ್ಲ. ಪ್ರತಿವಾದಿಗೆ ಮೊದಲೇ ಇದ್ದ ಹಕ್ಕನ್ನೇ ವಾದಿಯು ಕೊಟ್ಟಂತೆ ಮಾಡಿ ಕರಾರು ಹುಟ್ಟಿಸಲಾಗದು. 4. ಈ ಜಾಗದ ಬಗ್ಗೆ ಕರಾರು ಮಾಡಲು, ದಾವೆ ಹೂಡಲು ವಾದಿಗೆ ಭೂಮಾಲೀಕರಿಂದ ಅಧಿಕಾರ ಬಂದಿದೆ ಎಂಬುದನ್ನು ವಾದಿಯೇ ಸಾಬೀತು ಮಾಡಬೇಕು. 5. ಚಾರ್ಜಿನ ಮೇಲೆ ವಸೂಲಿ ವೆಚ್ಚವೆಂದು ಸೇರಿಸಿದ 70 ಪೌಂಡನ್ನು ನಿರಾಕರಿಸಲಾಗಿದೆ.'

ಕೊನೆಗೆ, ಬರೆದದ್ದು ನಿಜ ಎಂಬ ಸ್ಟೇಟ್‌ಮೆಂಟ್ ಆಫ್ ಟ್ರೂತ್ ಪ್ಯಾರಾ. ಅದರ ನಿಗದಿತ ಮಾತುಗಳನ್ನು ಹಾಗೆ ಹಾಗೇ ಇಳಿಸಿ, ಸುಳ್ಳು ಹೇಳಿದರೆ ನ್ಯಾಯಾಂಗ ನಿಂದನೆಯ ಕ್ರಮ ಆಗಬಹುದೆಂಬ ಸಾಲನ್ನು ಬಿಡಬೇಡಿ. ಚೀಟಿ ಬಿದ್ದ ಕತೆ ಎರಡನೆಯ ಮಾತು. ಅದನ್ನೇ ಮುಂದಿಟ್ಟುಕೊಂಡು 'ದಯವಿಟ್ಟು ಕ್ಷಮಿಸಿ, ಪರ್ಮಿಟ್ ಇತ್ತು' ಎಂದು ಶುರುಮಾಡಿದರೆ ಪರ್ಮಿಟ್ ಬೇಕಾಗಿತ್ತು ಎಂದು ನೀವೇ ಒಪ್ಪಿಕೊಂಡಂತೆ ಆಗುತ್ತದೆ.

ಇದರ ಜೊತೆಯಲ್ಲೇ ಮ್ಯಾನೇಜಿಂಗ್ ಏಜೆಂಟಿಗೆ ಪತ್ರ ಬರೆಯಿರಿ. ಪಾರ್ಕಿಂಗ್ ಕಂಪನಿ ಅವರು ಕರೆತಂದ ಗುತ್ತಿಗೆದಾರ. ಲೀಸಿನ ಪ್ಯಾರಾ ನಮೂದಿಸಿ, ಈ ದಾವೆಯನ್ನು ಹಿಂತೆಗೆಸಿ ಎಂದು ಕೇಳಿ. ಕಟ್ಟಡದ ಆಡಳಿತ ಮಂಡಳಿಯ ಮೀಟಿಂಗಿನಲ್ಲಿ ಮಾತೆತ್ತಲು ನೆರೆಹೊರೆಯವರ ಸಹಿಯೂ ಇರಲಿ. ಕೋರ್ಟಿಗೆ ಹೋದ ಮೇಲೂ ಈ ದಾರಿಯಲ್ಲಿ ಕೇಸು ಮುಗಿಯುವುದುಂಟು.

ಪ್ರಶ್ನೆ: ನಾವು ಬಾಡಿಗೆಗಿರುವವರು. ಲೀಸು ಮನೆ ಮಾಲೀಕರದ್ದು. ನಮ್ಮ ಕರಾರಿನಲ್ಲಿ 'ಒಂದು ಪಾರ್ಕಿಂಗ್ ಜಾಗ ಸಹಿತ' ಎಂದಷ್ಟೇ ಇದೆ. ನಮಗೂ ಈ ವಾದ ಸಲ್ಲುತ್ತದೆಯೇ? (ಮಿಲ್ಟನ್ ಕೀನ್ಸ್)

ಸಲ್ಲುತ್ತದೆ, ಆದರೆ ಎರಡು ಕೊಂಡಿ ತೋರಿಸಬೇಕು. ಮಾಲೀಕರಿಗೆ ಲೀಸಿನಿಂದ ಹಕ್ಕು ಬಂತು ಎಂಬುದು ಒಂದು, ಅದನ್ನು ಅವರು ನಿಮಗೆ ದಾಟಿಸಿದರು ಎಂಬುದು ಇನ್ನೊಂದು. ಮಾಲೀಕರಿಂದ ಲೀಸಿನ ಪ್ರತಿ ಕೇಳಿ ಪಡೆಯಿರಿ. ಒಂದು ಪುಟದ ಹೇಳಿಕೆಯನ್ನೂ ಬರೆಸಿಕೊಳ್ಳಿ: ಇಂಥ ದಿನದಿಂದ ಇಂಥವರಿಗೆ ಫ್ಲ್ಯಾಟನ್ನೂ ಇಷ್ಟನೇ ನಂಬರಿನ ಜಾಗವನ್ನೂ ಕೊಟ್ಟಿದ್ದೇನೆ, ಪಾರ್ಕಿಂಗ್ ಕಂಪನಿಯ ಷರತ್ತಿಗೆ ನಾನು ಒಪ್ಪಿಲ್ಲ. ನಿಮ್ಮ ಬಾಡಿಗೆ ಕರಾರಿನಲ್ಲಿ 'ಎಸ್ಟೇಟಿನ ಪರ್ಮಿಟ್ ನಿಯಮ ಪಾಲಿಸಬೇಕು' ಎಂಬ ಸಾಲು ಎಲ್ಲಾದರೂ ಅಡಗಿದೆಯೇ ನೋಡಿ. ಇದ್ದರೆ ನಿಮ್ಮ ನೆಲೆ ಲೀಸುದಾರರಷ್ಟು ಗಟ್ಟಿಯಲ್ಲ. ಕರಾರಿನಲ್ಲಿ ಪಾರ್ಕಿಂಗ್ ಮಾತೇ ಇಲ್ಲದಿದ್ದರೆ ಮನೆಯ ಜಾಹೀರಾತು, ಏಜೆಂಟರ ಇಮೇಲು, ಮೊದಲ ದಿನ ಕೊಟ್ಟ ಗೇಟಿನ ರಿಮೋಟು ಇವೆಲ್ಲ ಸಾಕ್ಷಿಯೇ.

ಪ್ರಶ್ನೆ: ವಾರದ ದಿನಸಿ ಇಳಿಸಲು ಬಾಗಿಲ ಮುಂದೆ ಏಳು ನಿಮಿಷ ನಿಲ್ಲಿಸಿದ್ದೆ, ಅದು ನನ್ನ ಜಾಗವಲ್ಲ. ಅಕ್ಕಿ ಮೂಟೆ ಮೇಲಿಟ್ಟು ಬರುವಷ್ಟರಲ್ಲಿ ಫೋಟೊ ತೆಗೆದು ಟಿಕೆಟ್ ಹಾಕಿದ್ದರು. (ಹೌನ್ಸ್ಲೊ)

2016ರ ಜೂನ್ 29ರಂದು ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನಲ್ಲಿ ಜಡ್ಜ್ ಚಾರ್ಲ್ಸ್ ಹ್ಯಾರಿಸ್ ಕೊಟ್ಟ ಜಾಪ್ಸನ್ ವಿರುದ್ಧ ಹೋಮ್‌ಗಾರ್ಡ್ ಸರ್ವೀಸಸ್ ತೀರ್ಪನ್ನು ಓದಿ, ಪೂರ್ತಿ ಪ್ರತಿಯನ್ನು ನಿಮ್ಮ ಕಡತಕ್ಕೆ ಲಗತ್ತಿಸಿ. ಫ್ಲ್ಯಾಟಿನ ನಿವಾಸಿ ಬಾಗಿಲ ಬಳಿ ಸಾಮಾನು ಇಳಿಸಲು ಸ್ವಲ್ಪ ಹೊತ್ತು ನಿಲ್ಲಿಸಿದ್ದರು. ಇಳಿಸುವುದು ಹತ್ತಿಸುವುದಕ್ಕೆ ನಿಲ್ಲಿಸುವುದು 'ಪಾರ್ಕಿಂಗ್' ಅಲ್ಲ, ಲೀಸಿನಿಂದ ಬಂದ ಓಡಾಟದ ಹಕ್ಕನ್ನು ಹೊರಗಿನ ಕಂಪನಿ ಕಿತ್ತುಕೊಳ್ಳಲಾಗದು ಎಂದಾಯಿತು. ಅದು ಮೇಲ್ಮನವಿಯ ತೀರ್ಪಾದ್ದರಿಂದ ಡಿಸ್ಟ್ರಿಕ್ಟ್ ಜಡ್ಜ್‌ಗಳು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ನೀವು ತೋರಿಸಬೇಕಾದದ್ದು ಮೂರು: ಎಷ್ಟು ನಿಮಿಷ, ಏನು ಇಳಿಸಿದಿರಿ, ಲಿಫ್ಟಿಗೋ ಮೆಟ್ಟಿಲಿಗೋ ಎಷ್ಟು ದೂರ. ಕಂಪನಿಯ ಫೋಟೊಗಳ ಮೇಲಿರುವ ಸಮಯವೇ ನಿಮ್ಮ ಮೊದಲ ಸಾಕ್ಷಿ. ಮೊದಲ ಮತ್ತು ಕೊನೆಯ ಫೋಟೊ ನಡುವೆ ಎರಡೇ ನಿಮಿಷ ಇರುವುದು ಸಾಮಾನ್ಯ. ಎಲ್ಲ ಫೋಟೊಗಳನ್ನೂ ಕೊಡಿ ಎಂದು ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಕಳಿಸಿ, ಶುಲ್ಕವಿಲ್ಲ, ಒಂದು ತಿಂಗಳೊಳಗೆ ಕೊಡಬೇಕು. ಅಂಗಡಿಯ ರಸೀದಿಯ ಸಮಯ ಜೊತೆಗಿಡಿ.

ಬೋರ್ಡಿನ ಮಾತುಗಳನ್ನೂ ಅಕ್ಷರ ಬಿಡದೆ ಓದಿ. 'ಪರ್ಮಿಟ್ ಇರುವವರಿಗೆ ಮಾತ್ರ' ಎಂದಷ್ಟೇ ಇದ್ದರೆ ಪರ್ಮಿಟ್ ಇಲ್ಲದವರಿಗೆ ಅದು ಏನನ್ನೂ ನೀಡುತ್ತಿಲ್ಲ, ಬರಬೇಡಿ ಎನ್ನುತ್ತಿದೆ ಅಷ್ಟೆ. ನೀಡಿಕೆ ಇಲ್ಲದ ಕಡೆ ಒಪ್ಪಿಗೆ ಇಲ್ಲ, ಕರಾರೂ ಇಲ್ಲ. ಅದು ಅತಿಕ್ರಮಣವಾದೀತು, ಅದಕ್ಕೆ ದಾವೆ ಹೂಡಬೇಕಾದವರು ಭೂಮಿಯ ಸ್ವಾಧೀನ ಇರುವವರು. 2016ರಲ್ಲಿ ಹೈ ವಿಕಂಬ್‌ನಲ್ಲಿ ಪಾರ್ಕಿಂಗ್ ಕಂಟ್ರೋಲ್ ಮ್ಯಾನೇಜ್‌ಮೆಂಟ್ ವಿರುದ್ಧ ಬುಲ್ ಎಂಬ ಕೇಸಿನಲ್ಲಿ ಕಂಪನಿ ಇದೇ ಕಾರಣಕ್ಕೆ ಸೋತಿತು. ಫೋಟೊ ತೆಗೆಯುವಾಗ ಹತ್ತಿರದಿಂದ ಒಂದು, ಡ್ರೈವರ್ ಸೀಟಿನಲ್ಲಿ ಕೂತು ಒಂದು, ಕತ್ತಲಾದ ಮೇಲೆ ಒಂದು. 100 ಪೌಂಡ್ ಎಂಬ ಅಂಕಿ ಸೀಟಿನಿಂದ ಕಾಣದಿದ್ದರೆ ಆ ಫೋಟೊ ಹತ್ತು ಪ್ಯಾರಾಗಳ ಕೆಲಸ ಮಾಡುತ್ತದೆ.

ಪ್ರಶ್ನೆ: ಕಾರು ನನ್ನ ಹೆಸರಿನಲ್ಲಿದೆ. ಗೆಳೆಯರ ಫ್ಲ್ಯಾಟಿನ ವಿಸಿಟರ್ ಜಾಗದಲ್ಲಿ ಅಂದು ನಿಲ್ಲಿಸಿದ್ದು ನಾನಲ್ಲ. ಓಡಿಸಿದವರ ಹೆಸರು ಹೇಳಲೇಬೇಕೆ? (ಸ್ಲೌ)

ಖಾಸಗಿ ಕಂಪನಿಗೆ ಹೇಳಬೇಕೆಂಬ ಕಾನೂನಿಲ್ಲ. ಓಡಿಸಿದವರು ಯಾರೆಂದು ಗೊತ್ತಿಲ್ಲದಾಗ ಕಂಪನಿಯು ಕೀಪರ್ ಮೇಲೆ ಬರಬೇಕಾದರೆ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್ 2012ರ 4ನೇ ಷೆಡ್ಯೂಲಿನ ಪ್ರತಿಯೊಂದು ಮೆಟ್ಟಿಲನ್ನೂ ಹತ್ತಿರಬೇಕು. ಕಂಪನಿಗಳು ಮುಗ್ಗರಿಸುವುದು ಹೆಚ್ಚಾಗಿ ತಾರೀಖುಗಳಲ್ಲಿ.

ಗಾಜಿನ ಮೇಲೆ ಟಿಕೆಟ್ ಅಂಟಿಸದೆ ಅಂಚೆಯಲ್ಲಿ ಮಾತ್ರ ಕಳಿಸಿದ್ದರೆ, ಘಟನೆಯ ಮರುದಿನದಿಂದ 14 ದಿನದೊಳಗೆ ಕೀಪರ್‌ಗೆ ನೋಟಿಸು ತಲುಪಿರಬೇಕು. ಕಳಿಸಿರಬೇಕು ಅಲ್ಲ, ತಲುಪಿರಬೇಕು. ಅಂಚೆಗೆ ಹಾಕಿದ ನಂತರದ ಎರಡನೇ ಕೆಲಸದ ದಿನ ತಲುಪಿತೆಂದು ಲೆಕ್ಕ. 2025ರ ಜೂನ್ 1ರ ಘಟನೆ ಎಂದಿಟ್ಟುಕೊಳ್ಳಿ, ಗಡುವು ಜೂನ್ 15. ಗುರುವಾರ 12ರಂದು ಅಂಚೆಗೆ ಹಾಕಿದರೆ ಮೊದಲ ಕೆಲಸದ ದಿನ ಶುಕ್ರವಾರ, ಎರಡನೆಯದು ಸೋಮವಾರ 16. ತಡವಾಯಿತು, ಕೀಪರ್ ಹೊಣೆ ಹೋಯಿತು. ಗಾಜಿಗೆ ಅಂಟಿಸಿದ್ದರೆ ಲೆಕ್ಕ ಬೇರೆ: 28 ದಿನ ಕಾದು, ಅದರ ಮುಂದಿನ 28 ದಿನದೊಳಗೆ ನೋಟಿಸು ತಲುಪಬೇಕು. ಅದೇ ಜೂನ್ 1ಕ್ಕೆ ಅಂಟಿಸಿದ್ದರೆ ಜೂನ್ 30ರಿಂದ ಜುಲೈ 27ರವರೆಗೆ. ಮೊದಲೇ ಬಂದರೂ ತಪ್ಪು, ಆಮೇಲೆ ಬಂದರೂ ತಪ್ಪು.

ಒಂದು ಎಚ್ಚರಿಕೆ. ಅಪೀಲಿನಲ್ಲೋ ಫೋನಿನಲ್ಲೋ 'ನಾನು ನಿಲ್ಲಿಸಿದಾಗ' ಎಂಬ ಒಂದು ಪದ ಬಂದಿದ್ದರೂ ಈ ದಾರಿ ಮುಚ್ಚಿತು. ನಿಜವಾಗಿ ನೀವೇ ಓಡಿಸಿದ್ದರೆ ಇಲ್ಲ ಎಂದು ಬರೆಯಬೇಡಿ, ಕೆಳಗೆ ಸತ್ಯವೆಂದು ಸಹಿ ಹಾಕುವವರು ನೀವು. ಲೀಸಿನ ಹಕ್ಕು ಇರುವ ನಿವಾಸಿ ಡ್ರೈವರ್ ಯಾರೆಂಬ ಕಣ್ಣುಮುಚ್ಚಾಲೆಗೆ ಹೋಗುವುದೇ ಬೇಡ. ನಾನೇ ನಿಲ್ಲಿಸಿದೆ, ಅದು ನನ್ನ ಜಾಗ ಎನ್ನುವ ಮಾತಿಗಿರುವ ತೂಕ ತಾಂತ್ರಿಕ ತಕರಾರಿಗೆ ಇಲ್ಲ.

ನಿಮ್ಮ ಕೇಸಿನಲ್ಲಿ ನೋಟಿಸುಗಳೆಲ್ಲ ಸರಿಯಾದ ದಿನಕ್ಕೆ ಬಂದಿದ್ದು, ವಿಸಿಟರ್ ಪರ್ಮಿಟ್ ಹಾಕಿರದೆ, ಬೋರ್ಡು ಸ್ಪಷ್ಟವಾಗಿದ್ದರೆ ಹೋರಾಟ ದುರ್ಬಲ. ಆಗ 100 ಪೌಂಡಿನ ಆಸುಪಾಸಿನಲ್ಲಿ ರಾಜಿ ಮಾಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: 100 ಪೌಂಡ್ ಹೇಗೆ 268 ಆಗುತ್ತದೆ? ಸೋತರೆ ಸಾವಿರಗಟ್ಟಲೆ ವಕೀಲರ ಫೀಸು ಬೀಳುತ್ತದೆಯೇ? (ಹ್ಯಾರೊ)

ಚಾರ್ಜು 100. 'ವಸೂಲಿ ವೆಚ್ಚ' ಎಂದು 70. ಆ 170ರ ಮೇಲೆ ವರ್ಷಕ್ಕೆ ಶೇ 8ರಂತೆ ಬಡ್ಡಿ, ಒಂದು ವರ್ಷಕ್ಕೆ 13 ಪೌಂಡ್ 60 ಪೆನ್ಸ್. ಕೋರ್ಟು ಶುಲ್ಕ 35, ವಕೀಲರ ನಿಗದಿತ ವೆಚ್ಚ 50. ಒಟ್ಟು 268.60.

ಪ್ರಶ್ನಿಸಬೇಕಾದದ್ದು ಆ 70. ಕೀಪರ್ ಹೊಣೆಯ ದಾರಿಯಲ್ಲಿ ಬಂದಿದ್ದರೆ ನೋಟಿಸಿನಲ್ಲಿದ್ದ ಚಾರ್ಜಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಅದೇ 4ನೇ ಷೆಡ್ಯೂಲಿನ 4(5) ಹೇಳುತ್ತದೆ. ಕಾಗದ ಕಳಿಸುವ, ಬೆನ್ನುಹತ್ತುವ ಖರ್ಚನ್ನೆಲ್ಲ ಬೀವಿಸ್ ಕೇಸಿನ 85 ಪೌಂಡಿನೊಳಗೇ ಲೆಕ್ಕ ಹಿಡಿದಿತ್ತು ಎಂಬುದನ್ನೂ ಬರೆಯಿರಿ. ಕೆಲವು ಜಡ್ಜ್‌ಗಳು ಕೊಡುತ್ತಾರೆ, ಕೆಲವರು ಹೊಡೆದುಹಾಕುತ್ತಾರೆ.

ಇದು ಸ್ಮಾಲ್ ಕ್ಲೇಮ್ಸ್, ಅಂದರೆ ಸಣ್ಣ ಮೊತ್ತದ ದಾವೆಗಳ, ಕೇಸು. ಸೋತವರು ಗೆದ್ದವರ ವಕೀಲರ ಫೀಸು ಕೊಡುವ ಪದ್ಧತಿ ಇಲ್ಲಿಲ್ಲ. ಅಸಮಂಜಸವಾಗಿ ನಡೆದುಕೊಂಡರೆ ಮಾತ್ರ ಅಪವಾದ. 70 ಹೊಡೆದುಹೋಗಿ ಉಳಿದದ್ದನ್ನೆಲ್ಲ ಸೋತರೆ 100, ಅದರ ಬಡ್ಡಿ ಸುಮಾರು 8, ಮೇಲಿನ 35, 50, ವಿಚಾರಣೆಯ ಶುಲ್ಕ 27, ಹತ್ತಿರ ಹತ್ತಿರ 220 ಪೌಂಡ್. ಗೆದ್ದರೆ ನಿಮ್ಮ ಒಂದು ದಿನದ ಸಂಬಳ ನಷ್ಟಕ್ಕೆ 95 ಪೌಂಡಿನವರೆಗೆ, ಜೊತೆಗೆ ಪ್ರಯಾಣ ವೆಚ್ಚ ಕೇಳಬಹುದು.

ಪ್ರಶ್ನೆ: ಐದು ವಾರ ಮೈಸೂರಿಗೆ ಹೋಗಿದ್ದೆವು. ಬಂದು ನೋಡಿದರೆ ತೀರ್ಪೇ ಆಗಿದೆ. ಕ್ಲೇಮ್ ಫಾರಂ ಹೋಗಿದ್ದು ಎರಡು ವರ್ಷದ ಹಿಂದಿನ ಮನೆಗೆ. (ಲೀಡ್ಸ್)

ಎನ್244 ಎಂಬ ಅರ್ಜಿಯಲ್ಲಿ ತೀರ್ಪನ್ನು ರದ್ದು ಮಾಡಲು ಕೇಳಬೇಕು. ಶುಲ್ಕ 300 ಪೌಂಡಿಗಿಂತ ಹೆಚ್ಚು. ವರಮಾನ ಕಡಿಮೆ ಇದ್ದರೆ ವಿನಾಯಿತಿಗೆ ಬೇರೆ ಅರ್ಜಿ ಇದೆ. ಸಿವಿಲ್ ಪ್ರೊಸೀಜರ್ ರೂಲ್ಸ್‌ನ ನಿಯಮ 13.2 ಮತ್ತು 13.3 ಎರಡನ್ನೂ ನಮೂದಿಸಿ. ಮೊದಲನೆಯದು ಫಾರಂ ಸರಿಯಾಗಿ ತಲುಪಿಸಿರಲಿಲ್ಲ ಎಂಬುದು, ಎರಡನೆಯದು ಗೆಲ್ಲುವ ನಿಜವಾದ ಅವಕಾಶವಿದೆ ಎಂಬುದು. ಅರ್ಜಿಯ ಜೊತೆ ಸಾಕ್ಷಿ ಹೇಳಿಕೆ, ಹೊಸ ಮನೆಯ ಬಾಡಿಗೆ ಕರಾರು, ಕೌನ್ಸಿಲ್ ಟ್ಯಾಕ್ಸ್ ಬಿಲ್ಲು, ಡಿಫೆನ್ಸಿನ ಕರಡು, ಆದೇಶದ ಕರಡು ಇರಬೇಕು. ಮುಖ್ಯವಾದದ್ದು ತ್ವರೆ. ತಿಳಿದ ದಿನ ಯಾವುದು, ಅರ್ಜಿ ಹಾಕಿದ ದಿನ ಯಾವುದು ಎಂದು ಜಡ್ಜ್ ಕೇಳುತ್ತಾರೆ. ದಿನಗಳ ಲೆಕ್ಕ ಸರಿ, ವಾರಗಳಾದರೆ ಕಾರಣ ಹೇಳಬೇಕು.

ಮನೆ ಬದಲಿಸಿದಾಗ ಕಾರಿನ ವಿ5ಸಿ ದಾಖಲೆಯ ವಿಳಾಸವನ್ನು ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಯಲ್ಲಿ ಬದಲಿಸದಿದ್ದರೆ ಈ ಅರ್ಜಿಯೂ ಕುಂಟುತ್ತದೆ, ಕಂಪನಿಗೆ ಸಿಗುವುದು ಆ ವಿಳಾಸವೇ. ಲೈಸೆನ್ಸಿನ ವಿಳಾಸ ಬದಲಿಸಿದರೆ ಇದೂ ಬದಲಾಯಿತು ಎಂದು ತಿಳಿಯುವವರು ಬಹಳ, ಅವೆರಡೂ ಬೇರೆ ಬೇರೆ. ಹಳೆಯ ಟಿಕೆಟ್ ಬಾಕಿ ಇದ್ದು ಮನೆ ಬಿಟ್ಟಿದ್ದರೆ ಕಂಪನಿಗೂ ಹೊಸ ವಿಳಾಸ ತಿಳಿಸಿ. ಊರಿಗೆ ಹೊರಡುವಾಗ ಅಂಚೆ ಒಡೆದು ನೋಡುವವರೊಬ್ಬರು ಇರಲಿ. ಕ್ಲೇಮ್ ಫಾರಂನ ಮೊದಲ ಪುಟದ ಫೋಟೊ ವಾಟ್ಸಾಪಿನಲ್ಲಿ ಬಂದರೆ ಸಾಕು, ಸ್ವೀಕೃತಿಯನ್ನೂ ಡಿಫೆನ್ಸನ್ನೂ ಮೈಸೂರಿನಿಂದಲೇ ಕಳಿಸಬಹುದು.

ಪ್ರಶ್ನೆ: ಡಿಫೆನ್ಸ್ ಕಳಿಸಿ ಆಯಿತು. ಈಗ ಮೀಡಿಯೇಷನ್ (ರಾಜಿ ಸಂಧಾನದ) ಕರೆ ಅನ್ನುತ್ತಿದ್ದಾರೆ. ಮುಂದಿನ ದಾರಿ ಹೇಗೆ? ನನ್ನ ತಾಯಿಯ ಹೆಸರಲ್ಲಿ ಕೇಸಿದೆ, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. (ಕ್ರಾಯ್ಡನ್)

ಎನ್180 ಎಂಬ ಪ್ರಶ್ನಾವಳಿ ಬರುತ್ತದೆ. ಹತ್ತಿರದ ಕೋರ್ಟಿನ ಹೆಸರು, ತಾಯಿ ಭಾರತದಲ್ಲಿರುವ ದಿನಗಳು, ಬೇರೆ ಬರಲಾಗದ ದಿನಗಳು ಎಲ್ಲ ಅದರಲ್ಲೇ ತುಂಬಿ. ಒಂದು ಪ್ರತಿ ಕೋರ್ಟಿಗೆ, ಒಂದು ಕಂಪನಿಯ ವಕೀಲರಿಗೆ. ವಿಚಾರಣೆ ಇಲ್ಲದೆ ಕಾಗದದ ಮೇಲೆಯೇ ತೀರ್ಮಾನ ಆಗಲಿ ಎಂಬುದಕ್ಕೆ ಒಪ್ಪಬೇಡಿ.

2024ರ ಮೇ 22ರಿಂದ ಈಚೆಗೆ ಹೂಡಿದ ಇಂಥ ದಾವೆಗಳಲ್ಲಿ ಮೀಡಿಯೇಷನ್ ಕಡ್ಡಾಯ. ಒಂದು ಗಂಟೆಯ ಫೋನ್ ಕರೆ, ಶುಲ್ಕವಿಲ್ಲ, ಎರಡು ಕಡೆಯವರೂ ಪರಸ್ಪರ ಮಾತಾಡುವುದಿಲ್ಲ, ನಡುವಿನವರು ಅತ್ತಿಂದಿತ್ತ ಮಾತು ಸಾಗಿಸುತ್ತಾರೆ. ಕರೆಗೆ ಹಾಜರಾಗುವುದು ಕಡ್ಡಾಯ, ಹಣ ಕೊಡಲು ಒಪ್ಪುವುದು ಕಡ್ಡಾಯವಲ್ಲ. ಲೀಸಿನ ಹಕ್ಕು ಗಟ್ಟಿ ಇದ್ದರೆ 'ಸೊನ್ನೆ' ಎಂದು ಹೇಳಿ ಮುಗಿಸಬಹುದು.

ಆಮೇಲೆ ಕೇಸು ನಿಮ್ಮ ಹತ್ತಿರದ ಕೋರ್ಟಿಗೆ ಬಂದು ವಿಚಾರಣೆಯ ದಿನ ಗೊತ್ತಾಗುತ್ತದೆ. ಸಾಕ್ಷಿ ಹೇಳಿಕೆಯ ಗಡುವು ಸಾಮಾನ್ಯವಾಗಿ 14 ದಿನ ಮೊದಲು, ನಿಮ್ಮ ಆದೇಶದಲ್ಲಿ ಏನಿದೆಯೋ ಅದೇ ಕೊನೆ ಮಾತು. ಡಿಫೆನ್ಸಿನಲ್ಲಿ ವಾದ ಇತ್ತು, ಸಾಕ್ಷಿ ಹೇಳಿಕೆಯಲ್ಲಿ ಆಧಾರ ಇರಬೇಕು: ಲೀಸಿನ ಆ ಪುಟಗಳು ಮತ್ತು ನಕ್ಷೆ, ಬೋರ್ಡಿನ ಫೋಟೊ, ಏಜೆಂಟಿಗೆ ಬರೆದ ಪತ್ರ, ತೀರ್ಪುಗಳ ಪೂರ್ತಿ ಪ್ರತಿ, ಎಲ್ಲಕ್ಕೂ ಪುಟಸಂಖ್ಯೆ. ಕಂಪನಿಯ ಕಡೆಯಿಂದ ಬಂದ ಹೇಳಿಕೆಯಲ್ಲಿ ಭೂಮಾಲೀಕರ ಜೊತೆಗಿನ ಕರಾರನ್ನು ಹುಡುಕಿ. ಸಹಿ ಮಾಡಿದವರು ಮ್ಯಾನೇಜಿಂಗ್ ಏಜೆಂಟೋ, ಕಟ್ಟಡದ ಮೂಲ ಮಾಲೀಕರಾದ ಫ್ರೀಹೋಲ್ಡರೋ? ತಾರೀಖು ಮುಗಿದಿದೆಯೇ? ಕಟ್ಟಡದ ಹೆಸರು ಸರಿ ಇದೆಯೇ? ಕಪ್ಪು ಬಳಿದು ಮುಚ್ಚಿದ ಸಾಲುಗಳಿದ್ದರೆ ಜಡ್ಜ್‌ಗೆ ತೋರಿಸಿ. ಎಷ್ಟೋ ಸಲ ವಿಚಾರಣೆಯ ಶುಲ್ಕ ಕಟ್ಟುವ ಹೊತ್ತಿಗೆ ಕಂಪನಿಯೇ ಎನ್279 ಕಳಿಸಿ ದಾವೆ ಕೈಬಿಡುತ್ತದೆ. ಅದು ಕೈಗೆ ಬಂದರೂ, ವಿಚಾರಣೆ ರದ್ದಾಗಿದೆಯೇ ಎಂದು ಕೋರ್ಟಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ತಾಯಿಯವರ ಪರವಾಗಿ ನೀವು ಮಾತಾಡಬಹುದು. ಸ್ಮಾಲ್ ಕ್ಲೇಮ್ಸ್‌ನಲ್ಲಿ ವಕೀಲರಲ್ಲದವರೂ ಪ್ರತಿನಿಧಿಸಲು ಅವಕಾಶವಿದೆ, ಆದರೆ ಅವರು ಖುದ್ದು ಹಾಜರಿರಲೇಬೇಕು. ಅವರನ್ನು ಮನೆಯಲ್ಲಿ ಬಿಟ್ಟು ನೀವೊಬ್ಬರೇ ಹೋದರೆ ಮಾತಾಡುವ ಹಕ್ಕು ಇರುವುದಿಲ್ಲ. ದುಭಾಷಿ ಬೇಕೆಂಬುದನ್ನು ಎನ್180ರಲ್ಲೇ ಬರೆದು, ದಿನ ಗೊತ್ತಾದ ಮೇಲೆ ಕೋರ್ಟಿಗೆ ಇನ್ನೊಮ್ಮೆ ನೆನಪಿಸಿ. ಅವರ ಸಾಕ್ಷಿ ಹೇಳಿಕೆಗೆ ಸಹಿ ಹಾಕಿಸುವ ಮುನ್ನ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ. ಏಕೆಂದರೆ ಎದುರಿನ ವಕೀಲರು ಅದರ ಮೇಲೆ ಪ್ರಶ್ನೆ ಕೇಳುವುದು ಅವರನ್ನು, ನಿಮ್ಮನ್ನಲ್ಲ. ಕೋಣೆ ಚಿಕ್ಕದು, ಮೇಜಿನ ಆಚೆ ಒಬ್ಬ ಡಿಸ್ಟ್ರಿಕ್ಟ್ ಜಡ್ಜ್, ಅವರನ್ನು 'ಜಡ್ಜ್' ಎಂದು ಕರೆದರೆ ಸಾಕು. ಮಾತಿನ ಸರದಿ ಬಂದಾಗ ಲೀಸಿನ ಪುಟಸಂಖ್ಯೆಯಿಂದ ಶುರುಮಾಡಿ.